ಹಳೇ ದಾರಿಯಲ್ಲಿ ಎರಡು ಎಲೆ

ಆ ಮಧ್ಯಾಹ್ನ ಬೆಟ್ಟಮ್ಮನ ಆಡುಗಳು ಹಳ್ಳದ ನೀರಿಗೆ ಇಳಿಯಲಿಲ್ಲ. ದಡದಲ್ಲೇ ಗುಂಪುಗಟ್ಟಿ ನಿಂತವು. ಬೆಟ್ಟಮ್ಮ ಗದರಿಸಿದಳು. ಕೋಲು ಬೀಸಿದಳು. ಒಂದೂ ಮಿಸುಕಲಿಲ್ಲ. ಏನಿದೆಯೋ ನೋಡೋಣವೆಂದು ಲಂಟಾನದ ಪೊದೆ ಸರಿಸಿ ತಾನೇ ಕೆಳಗಿಳಿದಳು.

ಬಂಡೆಗಳ ನಡುವೆ ಒಂದು ಕಾರು ಮೂಗು ಕೆಳಗಾಗಿ ಸಿಕ್ಕಿಕೊಂಡಿತ್ತು. ನೀಲಿ ಬಣ್ಣದ ಸಣ್ಣ ಕಾರು. ಮೇಲಿನ ಬಟ್ಟೆಯ ಚಾವಣಿ ಮಡಿಸಿದ ಹಾಗೇ ಇತ್ತು. ಸ್ಟೀರಿಂಗ್ ಚಕ್ರದ ಮೇಲೆ ತಲೆಯಿಟ್ಟು ಮುದುಕರೊಬ್ಬರು ಕೂತಿದ್ದರು. ನಿದ್ದೆ ಹೋದವರ ಹಾಗೆ.

ಆ ಕಾರನ್ನು ಹಲಗೂರು ಸೀಮೆಯಲ್ಲಿ ಅರಿಯದವರಿರಲಿಲ್ಲ. ಬೆಟ್ಟಮ್ಮ ಒಂದು ಸಲ ಮೆಲ್ಲಗೆ ಕರೆದಳು.

"ಬುದ್ದೀ... ಓವರ್ಸೀರ್ ಬುದ್ದೀ..."

ಉತ್ತರ ಬರಲಿಲ್ಲ. ಆಡುಗಳನ್ನು ಅಲ್ಲೇ ಬಿಟ್ಟು ಅವಳು ಹಲಗೂರಿನ ಕಡೆ ಓಡಿದಳು.

* * *

ಅದು ಸಾವಿರದ ಒಂಬೈನೂರ ಮೂವತ್ತೇಳು, ಸಂಕ್ರಾಂತಿ ಕಳೆದ ಮಾರನೆಯ ವಾರ. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಮಳವಳ್ಳಿಯಿಂದ ಹಲಗೂರಿಗೆ ದಿನಕ್ಕೆರಡು ಮೋಟಾರು, ಅದೂ ಡ್ರೈವರಿಗೆ ಮನಸ್ಸು ಬಂದರೆ. ಸುದ್ದಿ ಮಳವಳ್ಳಿ ಠಾಣೆಗೆ ತಲುಪುವ ಹೊತ್ತಿಗೆ ದೀಪ ಹಚ್ಚಿದ್ದರು. ಸಬ್‌ಇನ್ಸ್‌ಪೆಕ್ಟರ್ ಚಲುವನಾರಾಯಣ ಬರೆಯುತ್ತಿದ್ದ ಕಾಗದವನ್ನು ಕೆಳಗಿಟ್ಟ.

"ಯಾರು ಅಂದೆ?"

"ಓವರ್ಸಿಯರ್ ವೆಂಕಟೇಶಮೂರ್ತಿಗಳು ಸ್ವಾಮಿ," ಅಂದ ದಫೇದಾರ ಮಾದಯ್ಯ. "ಮಂಡ್ಯದೋರು. ಮುತ್ತತ್ತಿ ಹಳೇ ದಾರೀಲಿ ಕಾರು ಅಳ್ಳಕ್ಕೆ ಉರುಳ್ಕಂಡದೆ, ಪ್ರಾಣ ಓಗದೆ."

ಆ ಕಾರಿನ ಹಿಂದಿನ ಸೀಟಿನ ಸ್ಪ್ರಿಂಗು ಎಲ್ಲಿ ಚುಚ್ಚುತ್ತದೆಂದು ಚಲುವನಾರಾಯಣನಿಗೆ ಗೊತ್ತಿತ್ತು.

ಏಳು ವರ್ಷದ ಹಿಂದೆ ಅವನ ಮದುವೆಯಾದ ಹೊಸತು. ಮಂಡ್ಯದಲ್ಲಿ ಮೂರ್ತಿಗಳದು ಪಕ್ಕದ ಮನೆ. ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ವಿಶ್ರಾಂತಿ ಪಡೆದಿದ್ದರು. ಒಂದು ಬೆಳಿಗ್ಗೆ ಅವರ ಹೆಂಡತಿ ರಂಗನಾಯಕಮ್ಮ ಬೇಲಿಯಾಚೆಯಿಂದ ಕೂಗಿದ್ದರು: "ಚೂಡಾಮಣೀ, ಗಂಡನ್ನ ಕರಕೊಂಡು ಬಾಮ್ಮ. ಮುತ್ತತ್ತಿಗೆ ಹೋಗಿ ಬರೋಣ." ನಾಲ್ವರೂ ಆ ಸಣ್ಣ ಕಾರಿನಲ್ಲಿ ಹೊರಟರು. ನೇರ ದಾರಿಯಲ್ಲಿ ಹೋಗಿದ್ದರೆ ಮೂರು ಗಂಟೆಯ ಪ್ರಯಾಣ. ಮೂರ್ತಿಗಳಿಗೆ ನೇರ ದಾರಿಯೆಂದರೆ ಆಗದು. ಕೊತ್ತತ್ತಿಯ ಕಡೆ ತಿರುಗಿಸಿ ಹೊಸ ನಾಲೆ ಅಗೆಯುವುದನ್ನು ತೋರಿಸಿದರು. ಮದ್ದೂರಿಗೆ ಬಂದವರು ಮಳವಳ್ಳಿ ರಸ್ತೆ ಹಿಡಿಯುವುದು ಬಿಟ್ಟು, ಹುಣಸೆ ತೋಪು ಚೆನ್ನಾಗಿದೆಯೆಂದು ಬೆಸಗರಹಳ್ಳಿಗೆ ಹೋಗಿ ವಾಪಸು ಬಂದರು. ಹಲಗೂರು ದಾಟಿದ ಮೇಲೆ ಹೊಸ ರಸ್ತೆ ಎಡಕ್ಕಿತ್ತು. ಕಾರು ಬಲಕ್ಕೆ ತಿರುಗಿತು.

"ಇದು ಹಳೇ ದಾರಿ," ಅಂದಿದ್ದರು ಮೂರ್ತಿಗಳು. "ನಾನೇ ಹಾಕಿಸಿದ್ದು. ಇಲಾಖೆಯವರು ಕೈಬಿಟ್ಟರು. ನಾನು ಬಿಡೋದಕ್ಕಾಗುತ್ತೇನಪ್ಪ?"

ಬೆಟ್ಟದ ನೆತ್ತಿಯಲ್ಲಿ ಕೋಡುಗಲ್ಲು ಅಂತ ಒಂದು ಜಾಗ. ಅಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದರು. ಕೆಳಗೆ, ಬಹಳ ಕೆಳಗೆ, ಕಾಡಿನ ನಡುವೆ ಕಾವೇರಿ. ಚೂಡಾಮಣಿ ಅವನ ಕಿರುಬೆರಳನ್ನು ಮೊದಲ ಸಲ ತಾನಾಗಿ ಹಿಡಿದುಕೊಂಡದ್ದು ಅಲ್ಲಿಯೇ.

"ಸ್ವಾಮಿ," ಅಂದ ಮಾದಯ್ಯ. "ಬೆಳಗ್ಗೆ ಓಗಾನ, ಈಗ್ಲೇ ಓಗಾನ?"

"ಇಬ್ಬರು ಕಾನ್‌ಸ್ಟೇಬಲ್‌ಗಳನ್ನ ಕಾವಲಿಗೆ ಕಳಿಸು. ಯಾರೂ ಏನೂ ಮುಟ್ಟಬಾರದು. ನಾವು ಬೆಳಕು ಹರಿಯುತ್ತಲೇ ಹೊರಡೋಣ."

* * *

ಎಲ್ಲರ ಬಾಯಲ್ಲೂ ಒಂದೇ ಮಾತು. ಮುದುಕರು, ಹಳೇ ಕಾರು, ಪಾಳುಬಿದ್ದ ದಾರಿ. ಇನ್ನೇನಾಗುತ್ತದೆ?

ಚಲುವನಾರಾಯಣ ಹಳ್ಳಕ್ಕೆ ಇಳಿದು ನೋಡಿದ. ಮೂರ್ತಿಗಳ ಹಣೆಯಲ್ಲಿ ಸಣ್ಣ ತರಚು. ತಲೆಯ ಹಿಂಭಾಗದಲ್ಲಿ ಮಾತ್ರ ಆಳವಾದ ಗಾಯ. ಮಳವಳ್ಳಿಯ ಡಾಕ್ಟರು ಕನ್ನಡಕ ಒರೆಸಿಕೊಂಡರು.

"ಉರುಳುವಾಗ ಕಲ್ಲು ತಗುಲಿರಬಹುದು. ಖಂಡಿತವಾಗಿ ಹೇಳಲಾರೆ."

ಕಾರು ನ್ಯೂಟ್ರಲ್‌ನಲ್ಲಿತ್ತು. ಎಂಜಿನ್ನಿನ ಸ್ವಿಚ್ಚು ಆರಿಸಿತ್ತು.

"ಇಳಿಜಾರಲ್ಲಿ ಪೆಟ್ರೋಲು ಉಳಿಸೋಕೆ ಆರಿಸ್ಕಂಡು ಬತ್ತಾರೆ ಸ್ವಾಮಿ," ಅಂದ ಮಾದಯ್ಯ. "ನಮ್ಮ ಮಳವಳ್ಳಿ ಮೋಟಾರಿನೋನೂ ಅಂಗೇಯ."

ಅದೂ ಇರಬಹುದು. ಚಲುವನಾರಾಯಣ ಮೇಲೆ ಹತ್ತಿ ಬಂದ. ಬೆಟ್ಟಮ್ಮ ದಾರಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು.

"ನಿನ್ನೆ ಕಾರು ಬಂದದ್ದು ನೋಡಿದೆಯಾ?"

"ನೋಡ್ನಿಲ್ಲ ಬುದ್ದಿ. ಕೇಳ್ದೆ. ನಾನು ಆ ಕೆಳಗ್ಲ ಇಳಿಜಾರ್ನಲ್ಲಿದ್ದೆ. ಅವ್ರು ಪ್ರತಿ ತಿರ್ವಿಗೂ ಪೊಂಯ್ ಅನ್ನುಸ್ತಾರಲ್ಲ. ಅತ್ತುವಾಗ ಐದು ತಿರ್ವು, ಐದು ದಪ ಅಂತು. ನಾನು ಎಣಿಸ್ತೀನಿ. ಆಡು ಬುಟ್ಕಂಡು ಕೂತೋಳ್ಗೆ ಇನ್ನೇನ್ ಕೆಲ್ಸ?"

"ಇಳಿಯುವಾಗ?"

ಬೆಟ್ಟಮ್ಮ ಯೋಚಿಸಿದಳು. "ಇಲ್ಲ ಕಣ್ ಬುದ್ದಿ. ಅನ್ನಲೇ ಇಲ್ಲ. ಒತ್ತು ನೆತ್ತಿಗೆ ಬಂದಿತ್ತು. ದಡಾರ್ ಅಂತು. ಯಾವ್ದೋ ಬಂಡೆ ಉರುಳ್ತು ಅನ್ಕಂಡು ಸುಮ್ಕಾದೆ."

ಕೋಡುಗಲ್ಲಿನಿಂದ ಕಾರು ಬಿದ್ದ ಜಾಗಕ್ಕೆ ಎರಡು ತಿರುವು. ಮೊದಲನೆಯದು ಅಗಲ, ಕಾರು ಹೇಗೋ ಹೊರಳಿಕೊಂಡು ದಾಟಬಹುದು. ಎರಡನೆಯದು ಕಡಿದು. ಆ ಮುದುಕರು ನಿರ್ಜನವಾದ ಕಾಡಿನಲ್ಲೂ ಹಾರನ್ ಹೊಡೆಯದೆ ತಿರುವು ದಾಟುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ನಾಳೆ ಯಾರಾದರೂ ಬರಬಹುದಲ್ಲಪ್ಪ" ಅನ್ನುತ್ತಿದ್ದರು.

"ಇನ್ನೇನಾದರೂ ಕೇಳಿಸಿತಾ?"

"ನಿನ್ನೆ ಏನಿಲ್ಲ. ಒಂದೊಂದ್ ದಿನ ಕೋಳಿ ಕೂಗೋ ಒತ್ಗೆ ಈ ದಾರೀಲಿ ಗಾಡಿ ಸದ್ದಾಯ್ತದೆ. ಯಾರೋ ಏನೋ. ನಾ ಕಾಣೆ."

* * *

ಕೋಡುಗಲ್ಲಿನ ಮೇಲೆ ಮೂರ್ತಿಗಳು ಕೂರುವ ಹಾಸುಬಂಡೆ ಹಾಗೇ ಇತ್ತು. ಹಿತ್ತಾಳೆಯ ಕ್ಯಾರಿಯರು ಅದರ ಮೇಲೆ, ತೊಳೆದು ಬೋರಲು ಹಾಕಿದ್ದು. ಪಕ್ಕದಲ್ಲಿ ನೀರಿನ ಕೂಜ. ಚಲುವನಾರಾಯಣ ಬಂಡೆಯ ಬಿರುಕಿನಲ್ಲಿ ಕೈಹಾಕಿದ. ಉಂಡ ಎಲೆಗಳನ್ನು ಮೂರ್ತಿಗಳು ಅಲ್ಲೇ ತುರುಕುತ್ತಿದ್ದರು. ಆಡುಗಳಿಗೆ ಸಿಗಬಾರದೆಂದಲ್ಲ, ಬೆಟ್ಟ ಗಲೀಜಾಗಬಾರದೆಂದು.

ಎರಡು ಬಾಳೆ ಎಲೆ ಸಿಕ್ಕವು.

"ಎರಡಾ?" ಅಂದ ಮಾದಯ್ಯ. "ಜೊತೇಲಿ ಯಾರೋ ಇದ್ರು ಅನ್ನಿ!"

"ದುಡುಕಬೇಡ. ರಂಗನಾಯಕಮ್ಮ ತೀರಿಕೊಂಡ ಮೇಲೂ ಅವರು ಎರಡು ಎಲೆ ಹಾಕುತ್ತಿದ್ದರು. ಎರಡನೇ ಎಲೆಯದು ಹಕ್ಕಿಗಳ ಪಾಲು."

ಹಾಗೆಂದವನು ಎಲೆಗಳನ್ನು ಮತ್ತೆ ನೋಡಿದ. ಎರಡೂ ಮಡಿಸಿದ್ದವು. ಊಟವಾದ ಮೇಲೆ ಮಡಿಸುವ ಹಾಗೆ, ಅಚ್ಚುಕಟ್ಟಾಗಿ. ಹಕ್ಕಿ ತಿಂದ ಎಲೆಯನ್ನು ಯಾರು ಮಡಿಸುತ್ತಾರೆ?

ಮೊದಲನೆಯದನ್ನು ಬಿಡಿಸಿದ. ಒಂದಗುಳೂ ಉಳಿದಿರಲಿಲ್ಲ. ಎರಡನೆಯದನ್ನು ಬಿಡಿಸಿದ. ಅನ್ನ ಪೂರ್ತಿ ಖಾಲಿ. ಎಲೆಯ ಮೇಲ್ತುದಿಯಲ್ಲಿ, ಬಲಗಡೆ, ಕಡಲೆಕಾಯಿ ಬೀಜಗಳ ಪುಟ್ಟ ಗುಡ್ಡೆ. ಒಂದೊಂದಾಗಿ ಆಯ್ದು ಒಟ್ಟಿದ್ದು. ಅವನು ಎಣಿಸಲಿಲ್ಲ. ಕರವಸ್ತ್ರ ಹಾಸಿ ಎಲೆಯನ್ನು ಹಾಗೇ ಸುತ್ತಿಟ್ಟುಕೊಂಡ.

ಕಾರು ನಿಂತ ಜಾಗ ಮಣ್ಣಿನಲ್ಲಿ ಅಚ್ಚೊತ್ತಿತ್ತು. ಮೂರ್ತಿಗಳ ಕಾರಿಗೆ ಬ್ರೇಕು ಸಾಲದು. ನಿಲ್ಲಿಸಿದಾಗಲೆಲ್ಲ ಮುಂದಿನ ಗಾಲಿಗೆ ಒಂದು ಕಲ್ಲು ಕೊಡುತ್ತಿದ್ದರು. ಕಲ್ಲು ಕೂತ ಗುಳಿ ಇತ್ತು, ಕಲ್ಲಿರಲಿಲ್ಲ. ಬಹಳ ಹುಡುಕಿದ ಮೇಲೆ ಮಾದಯ್ಯನಿಗೆ ಅದು ಸಿಕ್ಕಿತು, ಇಪ್ಪತ್ತು ಮಾರು ಆಚೆ ಪೊದೆಯೊಳಗೆ. ಅದರ ಒಂದು ಮೂಲೆಯಲ್ಲಿ ಕಂದು ಕಲೆ.

ಮಾದಯ್ಯ ಕಲ್ಲನ್ನು ಕೆಳಗಿಟ್ಟು ಸಮವಸ್ತ್ರಕ್ಕೆ ಕೈ ಒರೆಸಿಕೊಂಡ. "ಉರುಳ್ಕಂಡಿದ್ದಲ್ಲ ಸ್ವಾಮಿ. ಉರುಳ್ಸಿದ್ದು."

* * *

ಹಲಗೂರಿನಲ್ಲಿ ಮೂರ್ತಿಗಳಿಗೆ ಬೇಕಾದವನೆಂದರೆ ಶಿವಯ್ಯ. ಮೂವತ್ತು ವರ್ಷದ ಹಿಂದೆ ಹಳೇ ದಾರಿ ಹಾಕುವಾಗ ಅವನೇ ಮೇಸ್ತ್ರಿ. ಈಗ ಊರ ಹೊರಗೆ ಸೌದೆ ಡಿಪೋ ಇಟ್ಟುಕೊಂಡಿದ್ದ. ಎರಡು ಗಾಡಿ, ನಾಲ್ಕು ಎತ್ತು. ಚಲುವನಾರಾಯಣ ಹೋದಾಗ ಸೌದೆಯ ಅಟ್ಟಿಯ ನೆರಳಲ್ಲಿ ಕೂತು ಅಳುತ್ತಿದ್ದ. ಗದ್ದಕ್ಕೆ ಒಂದು ಬಟ್ಟೆ ಕಟ್ಟಿಕೊಂಡಿದ್ದ. ಕೆನ್ನೆ ಊದಿತ್ತು.

"ನನ್ ದೇವ್ರು ಓಯ್ತು ಬುದ್ದಿ. ರಂಗನಾಯಕಮ್ಮನೋರು ನಂಗೆ ಚಳಿಜ್ವರ ಬಂದಾಗ ಡೇರೆ ಒಳ್ಗೆ ಮಲಗ್ಸಿ ಗಂಜಿ ಕುಡುಸ್ದೋರು. ಆ ತಾಯೀನೂ ಓದ್ರು, ಈಗ ಇವ್ರೂ..."

"ನಿನ್ನೆ ಅವರನ್ನ ಕಂಡೆಯಾ?"

"ಒಂಬತ್ತು ಗಂಟೆ ಸುಮಾರ್ಗೆ ಕಾರು ಇಂಗೆ ಓಯ್ತು. ಕೈ ಎತ್ತುದ್ರು. ನಾನೂ ಎತ್ತುದೆ. ಅಷ್ಟೇಯ. ದಿನವೆಲ್ಲ ಇಲ್ಲೇ ಬಿದ್ಕಂಡಿದ್ದೆ. ಈ ಅಲ್ಲು ನೋವು ಪ್ರಾಣ ತೆಗೀತಾದೆ."

"ಅವರಿಗೆ ಆಗದವರು ಯಾರಾದರೂ?"

ಶಿವಯ್ಯ ಕಣ್ಣೊರೆಸಿಕೊಂಡ. ಸುತ್ತ ನೋಡಿ ದನಿ ತಗ್ಗಿಸಿದ. "ಏಳ್ಬಾರ್ದು. ಅವ್ರ ತಮ್ಮನ ಮಗ ಇದ್ದಾನಲ್ಲ ತಿರುನಾರಾಯಣಪ್ಪ, ಕಾರು ಮಾರ್ಬುಡು ಅಂತ ದಿನಾ ಜಗಳ್ವಂತೆ. ಓದ ಸಲಿ ಬುದ್ದಿಯೋರೇ ನನ್ ತಾವ ಏಳ್ಕಂಡು ಬೇಜಾರ್ ಮಾಡ್ಕಂಡ್ರು."

* * *

ತಿರುನಾರಾಯಣ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ದೊಡ್ಡಪ್ಪನ ಮನೆಯಲ್ಲೇ ವಾಸ. ಸಂಸ್ಕಾರ ಮುಗಿಸಿ ಒದ್ದೆ ಪಂಚೆಯಲ್ಲಿ ಜಗುಲಿಯ ಮೇಲೆ ಕೂತಿದ್ದ.

"ಜಗಳವಾಡಿದ್ದು ನಿಜ," ಅಂದ. "ಈ ಕಾರಿನಲ್ಲಿ ಒಂದು ದಿನ ಎಲ್ಲಾದರೂ ಬಿದ್ದು ಸಾಯ್ತೀರಿ ಅಂತಲೂ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳ."

"ಮೊನ್ನೆ ಶುಕ್ರವಾರ, ಅವರು ತೀರಿಕೊಂಡ ದಿನ, ಕಾರ್ಖಾನೆಗೆ ರಜಾ ಹಾಕಿದ್ದೆಯಂತೆ. ಎಲ್ಲಿಗೆ ಹೋಗಿದ್ದೆ?"

ತಿರುನಾರಾಯಣ ಒಳಗೆದ್ದು ಹೋದ. ಗೋಣಿಯಲ್ಲಿ ಸುತ್ತಿದ ಒಂದು ಗಂಟು ತಂದು ಬಿಚ್ಚಿದ. ಹೊಸ ಬ್ರೇಕಿನ ಪಟ್ಟಿಗಳು.

"ಮದ್ದೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಸಾಯಂಕಾಲದ ತನಕ ಅವನ ಮುಂದೆ ಕೂತು ಮಾಡಿಸಿಕೊಂಡು ಬಂದೆ. ಮಾರಿ ಅಂದರೆ ಕೇಳೋರಲ್ಲ, ರಿಪೇರಿಯಾದರೂ ಆಗಲಿ ಅಂತ. ನಾನು ಮನೆಗೆ ಬರುವ ಹೊತ್ತಿಗೆ..."

ಅವನು ಗಂಟನ್ನು ಮತ್ತೆ ಸುತ್ತತೊಡಗಿದ. ಚಲುವನಾರಾಯಣ ಮದ್ದೂರಿಗೆ ಹೋಗಿ ವಿಚಾರಿಸಿದ. ಮಾತು ನಿಜವಾಗಿತ್ತು. ಮೆಕ್ಯಾನಿಕ್ಕಿನ ಹೆಂಡತಿ ಅವನಿಗೆ ಮಧ್ಯಾಹ್ನ ಮಜ್ಜಿಗೆ ಕೊಟ್ಟದ್ದನ್ನೂ ನೆನೆಸಿಕೊಂಡಳು.

ಮಂಡ್ಯದಿಂದ ಹೊರಡುವ ಮುನ್ನ ತಿರುನಾರಾಯಣ ಒಂದು ಪುಸ್ತಕ ಕೈಗಿಟ್ಟಿದ್ದ. ಕಪ್ಪು ರಟ್ಟಿನ ಹಳೇ ಅಳತೆ ಪುಸ್ತಕ. "ದೊಡ್ಡಪ್ಪ ಪ್ರತಿ ಸಲ ಹೋಗಿ ಬಂದ ಮೇಲೆ ಇದರಲ್ಲಿ ಬರೆಯೋರು. ನೀವು ಇಟ್ಟುಕೊಳ್ಳಿ. ನಾನು ಓದಲಾರೆ."

* * *

ಮಳವಳ್ಳಿಯ ಮನೆಯಲ್ಲಿ ಚೂಡಾಮಣಿ ಅದನ್ನು ಅಲ್ಲಲ್ಲಿ ತೆರೆದು ಓದಿದಳು, ಅವನು ಕೇಳಿದ.

"'ಕೊತ್ತತ್ತಿ ಏರಿ. ನಾಲೆಗೆ ಮೊದಲ ನೀರು ಬಂದಿದೆ. ರಂಗ ಇಳಿದು ಕಾಲಿಟ್ಟಳು. ಎತ್ತುಗಳು ಬೆದರಿದವು, ಎತ್ತಿನವನು ನಕ್ಕ.' 'ಬೆಸಗರಹಳ್ಳಿ ತೋಪು. ಎರಡು ಮರ ಕಡಿದಿದ್ದಾರೆ.' 'ಕೋಡುಗಲ್ಲು. ಚಲುವ, ಚೂಡಾಮಣಿ ಜೊತೆ. ಮಕ್ಕಳಿಗೆ ಹೊಳೆ ಹಿಡಿಸಿತು.'"

ಅವಳು ಓದುವುದನ್ನು ನಿಲ್ಲಿಸಿದಳು. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಹಾಳೆ ತಿರುವಿದಳು. ರಂಗನಾಯಕಮ್ಮ ತೀರಿಕೊಂಡ ವರ್ಷ ಒಂದೇ ಸಾಲಿತ್ತು: "ಒಬ್ಬನೇ ಹೋದೆ. ದಾರಿ ಚೆನ್ನಾಗಿತ್ತು."

"ಮೊನ್ನೆ ಶುಕ್ರವಾರ ಬೆಳಿಗ್ಗೆ ಅವರು ನಮ್ಮ ಮನೆ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ," ಅಂದಳು ಚೂಡಾಮಣಿ. "ನೀವು ಕಿರುಗಾವಲಿಗೆ ಹೋಗಿದ್ದಿರಿ. ಏನು ಕಟ್ಟಿಕೊಂಡಿದ್ದೀರಿ ಅಂತ ಕೇಳಿದೆ. ಯಾವಾಗಲೂ ಇದ್ದದ್ದೇ, ಮೊಸರನ್ನ ಅಂದರು. ಅದನ್ನ ಇಳಿಸಿಕೊಂಡು ಪುಳಿಯೋಗರೆ ತುಂಬಿಕೊಟ್ಟೆ. ಇಬ್ಬರಿಗಾಗೋ ಅಷ್ಟು ಹಾಕಮ್ಮ ಅಂದರು. ಅದಕ್ಕೇ ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿದ್ದೆ."

"ಇಬ್ಬರಿಗೆ ಅಂದರಾ?"

"ಹೂಂ. ಎರಡನೇ ಎಲೆ ಹಕ್ಕಿಗಲ್ಲವಾ ಅಂತ ಕೇಳಿದೆ. ಇವತ್ತು ಒಬ್ಬರನ್ನ ಅಲ್ಲಿ ಕೂರಿಸಿ ಮಾತಾಡೋದಿದೆ ಅಂದರು. ನಗಲಿಲ್ಲ."

ಚಲುವನಾರಾಯಣ ಪುಸ್ತಕ ತೆಗೆದುಕೊಂಡು ಕಡೆಯ ಬರಹ ತೆಗೆದ. ಹಿಂದಿನ ತಿಂಗಳದ್ದು.

"ಹಳೇ ದಾರಿ, ಮೂರನೇ ಮೈಲಿ. ಗಾಡಿಯ ಜಾಡು ಹೊಸದಾಗಿದೆ. ಹೊಳೆಯ ಕಡೆ ಹೋಗುವ ಜಾಡು ಆಳ, ಊರ ಕಡೆ ಬರುವ ಜಾಡು ತೆಳು. ಸೌದೆಯಾದರೆ ಕಾಡಿನಿಂದ ಊರಿಗೆ ಬರಬೇಕು. ಊರಿನಿಂದ ಹೊಳೆಗೆ ಭಾರ ಹೋಗುವುದು ಏನು? ಶಿವಯ್ಯನನ್ನು ಕೇಳಬೇಕು."

ಅವನು ಆ ಸಾಲನ್ನು ಎರಡು ಸಲ ಓದಿದ. ಹೊಳೆಯಾಚೆ ಮದರಾಸು ಸರ್ಕಾರದ ಸೀಮೆ. ಈಚೆ ಬೆಟ್ಟದಲ್ಲಿ ಬೆಳೆಯುವ ಗಂಧದ ಮರವೆಲ್ಲ ಮಹಾರಾಜರ ಸೊತ್ತು. ಒಂದು ತುಂಡು ಆಚೆ ದಾಟಿದರೆ ಮೈಸೂರಿನ ಪೊಲೀಸಿನವನ ಕೈ ಅಲ್ಲಿಗೇ ಮೊಟಕು.

"ಚೂಡಾ, ನಾಳೆ ಮತ್ತೆ ಪುಳಿಯೋಗರೆ ಮಾಡಿಕೊಡುತ್ತೀಯಾ? ಹಾಗೆಯೇ. ಬೀಜ ಧಾರಾಳವಾಗಿ."

ಅವಳು ಹುಣಸೆಹಣ್ಣು ನೆನೆಹಾಕಲು ಎದ್ದಳು.

* * *

ಮಾರನೆಯ ದಿನ ಬಾಡಿಗೆ ಕಾರು ಹಲಗೂರಿನ ಡಿಪೋ ಮುಂದೆ ನಿಂತಾಗ ಶಿವಯ್ಯ ಎದ್ದು ಬಂದ.

"ಕೋಡುಗಲ್ಲಿನ ನಕ್ಷೆ ಬರೆಯಬೇಕು ಶಿವಯ್ಯ. ಆ ದಾರಿಯ ಒಂದೊಂದು ಕಲ್ಲೂ ನಿನಗೆ ಗೊತ್ತು. ಬಾ."

ಶಿವಯ್ಯ ಒಂದು ಗಳಿಗೆ ತಡೆದ. ಆಮೇಲೆ ಹೆಗಲಿಗೆ ಟವಲು ಹಾಕಿಕೊಂಡು ಹತ್ತಿದ.

ಬೆಳಗಿನ ಬಿಸಿಲು ಎಳೆಯದಾಗಿತ್ತು. ದಾರಿಯ ಎರಡೂ ಕಡೆ ಮುತ್ತುಗದ ಮೊಗ್ಗು. ಮೊದಮೊದಲು ಮಾತಾಡದಿದ್ದ ಶಿವಯ್ಯ ಎರಡನೇ ತಿರುವು ದಾಟಿದ ಮೇಲೆ ತಾನಾಗಿಯೇ ಬಾಯಿಬಿಟ್ಟ.

"ಈ ಮೋರಿ ಕಟ್ಟುವಾಗ ಆನೆ ಬಂದಿತ್ತು ಬುದ್ದಿ. ಆಳುಗಳೆಲ್ಲ ಓಡುದ್ರು. ಓವರ್ಸೀರ್ ಬುದ್ದಿ ತಗಡು ಬಡ್ಕಂಡು ನಿಂತ್ರು. ಆಗ ಅವ್ರಿಗೆ ಮೂವತ್ತು ವರ್ಸ. ಅಮ್ಮಾವ್ರು ಒಸ್ದಾಗಿ ಬಂದಿದ್ರು. ಡೇರೇಲಿ ಕೂತು ಅತ್ತುದ್ದೇ ಅತ್ತುದ್ದು. ಆಮೇಲಾಮೇಲೆ ಈ ಬೆಟ್ಟ ಬುಟ್ಟು ಬರಾಕೆ ಒಪ್ನಿಲ್ಲ."

ಹೇಳುತ್ತ ಅವನ ಮುಖದ ಬಿಗಿ ಸಡಿಲವಾಯಿತು. ಚಲುವನಾರಾಯಣ ಕೇಳುತ್ತ ಕೂತ. ಅವನಿಗೆ ಆ ಕ್ಷಣ ಬೇರೇನಾದರೂ ಕೆಲಸದ ಮೇಲೆ ಬಂದಿದ್ದರೆ ಅನ್ನಿಸಿತು. ಈ ಮನುಷ್ಯನಿಂದ ಇಂಥ ಕಥೆಗಳನ್ನು ದಿನವೆಲ್ಲ ಕೇಳಬಹುದಿತ್ತು.

ಕೋಡುಗಲ್ಲಿನಲ್ಲಿ ಇಳಿದರು. ನಕ್ಷೆ ಬರೆಯುವ ಹೊತ್ತಿಗೆ ಹನ್ನೊಂದಾಯಿತು. ಚಲುವನಾರಾಯಣ ಹಾಸುಬಂಡೆಯ ಮೇಲೆ ಎರಡು ಎಲೆ ಹಾಕಿದ. ಕ್ಯಾರಿಯರು ಬಿಚ್ಚಿದ.

"ಕೂತ್ಕೊ ಶಿವಯ್ಯ. ಮನೆಯಲ್ಲಿ ಕಟ್ಟಿಕೊಟ್ಟಿದ್ದಾರೆ."

"ಬ್ಯಾಡಿ ಬುದ್ದಿ."

"ಬೆಟ್ಟದ ಮೇಲೆ ಒಬ್ಬನೇ ಹೇಗೆ ಉಣ್ಣಲಿ?"

ಶಿವಯ್ಯ ಕೂತ. ಎಲೆಯನ್ನು ನೋಡಿದ, ಹೊಳೆಯ ಕಡೆ ನೋಡಿದ. ತುತ್ತು ಕಲಸತೊಡಗಿದ. ಅವನ ಬೆರಳುಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು. ಅನ್ನದೊಳಗಿನ ಕಡಲೆಕಾಯಿ ಬೀಜ ಆಯುವುದು, ಎಲೆಯ ಮೇಲ್ತುದಿಗೆ, ಬಲಗಡೆಗೆ ಸರಿಸುವುದು. ಒಂದು. ಇನ್ನೊಂದು. ಮತ್ತೊಂದು.

ಚಲುವನಾರಾಯಣ ತನ್ನ ಎಲೆಯನ್ನು ಮುಟ್ಟಿರಲಿಲ್ಲ. ಚೀಲದಿಂದ ಕರವಸ್ತ್ರದ ಗಂಟು ತೆಗೆದು ನಡುವೆ ಬಿಚ್ಚಿಟ್ಟ. ಬಾಡಿದ ಎಲೆ, ಮೇಲ್ತುದಿಯಲ್ಲಿ, ಬಲಗಡೆ, ಬೀಜದ ಗುಡ್ಡೆ.

ಶಿವಯ್ಯನ ಕೈ ಎಲೆಯ ಮೇಲೇ ನಿಂತುಬಿಟ್ಟಿತು.

"ಅಲ್ಲು ನೋವು ಯಾರ್ಗಾದ್ರೂ ಬತ್ತದೆ ಬುದ್ದಿ," ಅಂದ ಮೆಲ್ಲಗೆ.

"ಬರುತ್ತೆ. ಅದಕ್ಕೇ ಅದೊಂದನ್ನೇ ನಂಬಿ ನಾನು ಬಂದಿಲ್ಲ. ಕೇಳು. ಮೂರ್ತಿಗಳು ಹಾರನ್ ಹೊಡೆಯದೆ ಯಾವ ತಿರುವನ್ನೂ ದಾಟಿದವರಲ್ಲ. ಆ ದಿನ ಹತ್ತುವಾಗ ಐದೂ ತಿರುವಿಗೆ ಹೊಡೆದರು. ಇಳಿಯುವಾಗ ಒಂದಕ್ಕೂ ಇಲ್ಲ. ಅಂದರೆ ಕಾರು ಇಳಿಯುವಾಗ ನಡೆಸುತ್ತಿದ್ದವರು ಅವರಲ್ಲ. ಎಂಜಿನ್ನು ಹತ್ತಿಸಿಯೇ ಇರಲಿಲ್ಲ. ಗಾಲಿಗೆ ಕೊಟ್ಟ ಕಲ್ಲು ಪೊದೆಯಲ್ಲಿ ಸಿಕ್ಕಿತು, ರಕ್ತ ಸಮೇತ. ಇಲ್ಲಿ ಯಾರೋ ಅವರ ಜೊತೆ ಉಂಡಿದ್ದಾರೆ. ಹಿಂದೆ ಯಾವತ್ತೋ ಉಂಡ ಎಲೆಯಲ್ಲ ಇದು. ಅವರು ಯಾವಾಗಲೂ ತರುತ್ತಿದ್ದದ್ದು ಮೊಸರನ್ನ. ಪುಳಿಯೋಗರೆ ತಂದದ್ದು ಅದೊಂದೇ ದಿನ, ನನ್ನ ಹೆಂಡತಿ ಕಟ್ಟಿಕೊಟ್ಟದ್ದು."

ಶಿವಯ್ಯ ತಲೆ ಎತ್ತಲಿಲ್ಲ.

"ಆ ಎರಡನೇ ಎಲೆ ರಂಗನಾಯಕಮ್ಮನವರದು. ಅದರ ಮುಂದೆ ಅವರು ಯಾರನ್ನ ಕೂರಿಸಿಯಾರು? ಆ ತಮ್ಮನ ಮಗನನ್ನೂ ಇಲ್ಲಿಗೆ ಕರಕೊಂಡು ಬಂದವರಲ್ಲ. ಈ ಸೀಮೆಯಲ್ಲೆಲ್ಲ ಒಬ್ಬನೇ ಒಬ್ಬ. ಆ ತಾಯಿಯ ಕೈಯಲ್ಲಿ ಗಂಜಿ ಕುಡಿದವನು. ನೀನು ದಿನವೆಲ್ಲ ಡಿಪೋದಲ್ಲಿದ್ದೆ ಅಂದೆ. ಹಾಗಾದರೆ ಇಲ್ಲಿ ಉಂಡವರು ಯಾರು?"

ದೂರದಿಂದ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವ ಸದ್ದಾಯಿತು. ದಫೇದಾರ ಮಾದಯ್ಯ. ಅವನ ಕೈಯಲ್ಲಿ ಒಂದು ಮೊಳದ ಮರದ ತುಂಡಿತ್ತು. ಬಂಡೆಯ ಮೇಲಿಟ್ಟ. ಗಾಳಿಗೆ ಅದರ ವಾಸನೆಯೇ ಗಂಧವೆಂದು ಹೇಳಿತು.

"ಸೌದೆ ಅಟ್ಟಿ ಅಡೀಲಿ ಸ್ವಾಮಿ. ನೆಲ ತೋಡಿ ಊತವ್ನೆ. ಎರಡು ಗಾಡಿ ಆಯ್ತದೆ."

ಶಿವಯ್ಯ ಟವಲಿನಲ್ಲಿ ಕೈ ಒರೆಸಿಕೊಂಡ. ಓಡುವ ಪ್ರಯತ್ನ ಮಾಡಲಿಲ್ಲ. ಹೊಳೆಯ ಕಡೆ ತಿರುಗಿ ಮಾತಾಡಿದ.

"ಉಣ್ಣೋ ತಂಕ ಏನೂ ಕೇಳ್ನಿಲ್ಲ ಬುದ್ದಿ. ಬಡುಸ್ದ್ರು. ಇನ್ನೊಸಿ ಅಕ್ಕಂತೀಯಾ ಅಂದ್ರು. ಉಂಡಾದ್ ಮ್ಯಾಕೆ ಕೇಳುದ್ರು, ಶಿವಯ್ಯ, ನನ್ ದಾರೀಲಿ ಏನ್ ಸಾಗುಸ್ತಿದ್ದೀಯ ಅಂತ. ನನ್ ದಾರಿ ಅಂದ್ರು. ಸುಳ್ಳೇಳಾಕ್ ಆಗ್ನಿಲ್ಲ. ಕಾಲ್ ಇಡ್ಕಂಡೆ."

"ಏನಂದರು?"

"ನಾಳೆ ನೀನೇ ಠಾಣೆಗೆ ಓಗಿ ಏಳು, ನಾನೂ ಜೊತೇಲಿ ಬತ್ತೀನಿ, ಚಲುವ ನನ್ ಮಗ ಇದ್ದಂಗೆ, ನೋಡ್ಕತಾನೆ ಅಂದ್ರು. ಕಾರತ್ತಿ ಕೂತ್ರು. ಕಲ್ಲು ತಗೀ ಶಿವಯ್ಯ, ಒರಡಾನ ಅಂದ್ರು. ಮೂವತ್ತು ವರ್ಸ ಆ ಮಾತು ಕೇಳಿವ್ನಿ. ಎಲ್ ನಿಲ್ಸುದ್ರೂ ಕಲ್ಲು ತಗಿಯೋನು ನಾನೇಯ." ಅವನು ತನ್ನ ಬಲಗೈ ನೋಡಿಕೊಂಡ. "ಕಲ್ಲು ಕೈಗೆ ಬಂತು. ಅವ್ರು ಒಳೆ ಕಡೆ ನೋಡ್ಕಂಡು ಕೂತಿದ್ರು. ಇನ್ನೊಂದ್ ಗಳಿಗೆ ಕಳ್ದಿದ್ರೆ ನಂಗೆ ಧೈರ್ಯ ಬತ್ತಿರ್ನಿಲ್ಲ."

"ಯಾಕೆ ಶಿವಯ್ಯ? ಜೊತೆಯಲ್ಲಿ ಬರುತ್ತೀನಿ ಅಂದರಲ್ಲ."

"ಅದ್ಕೇಯ ಬುದ್ದಿ. ಅವ್ರ ಪಕ್ಕದಲ್ಲಿ ನಿಂತ್ಕಂಡು ನಾನು ಕಳ್ಳ ಅಂತ ಏಳ್ಬೇಕಿತ್ತಲ್ಲ."

ಮಾದಯ್ಯ ಬೇಡಿ ತೆಗೆದ. ಚಲುವನಾರಾಯಣ ಕೈಸನ್ನೆ ಮಾಡಿ ತಡೆದ.

"ಎಲೆ ಎತ್ತಲಿ. ಆಮೇಲೆ."

ಶಿವಯ್ಯ ತನ್ನ ಎಲೆಯನ್ನು ಮಡಿಸಿದ. ಬಂಡೆಯ ಬಿರುಕಿನ ತನಕ ಹೋಗಿ ತುರುಕಿ ಬಂದು ಕೈ ನೀಡಿದ.

* * *

ಸೆಷನ್ಸ್ ಕೋರ್ಟಿನಲ್ಲಿ ಶಿವಯ್ಯ ವಕೀಲರ ಮಾತು ಕೇಳದೆ ಎಲ್ಲವನ್ನೂ ಒಪ್ಪಿಕೊಂಡ. ಜೀವಾವಧಿ ಆಯಿತು. ಹೊಳೆಯಾಚೆ ಗಂಧ ಕೊಳ್ಳುತ್ತಿದ್ದವರಲ್ಲಿ ಇಬ್ಬರು ಸಿಕ್ಕರು, ಉಳಿದವರು ಸಿಗಲಿಲ್ಲ. ಚಲುವನಾರಾಯಣನಿಗೆ ಮೇಲಿನವರಿಂದ ಶಾಬಾಸ್ ಬಂತು. ಅವನ ವರದಿಯ ಕಡೆಯಲ್ಲಿ ನಿಯಮದ ಪ್ರಕಾರ ಒಂದು ಸಾಲು ಇರಬೇಕಿತ್ತು, ಇತ್ತು: ಹಳೆಯ ರಸ್ತೆ ಪಾಳುಬಿದ್ದು ಕಳ್ಳಸಾಗಣೆಗೆ ಅನುಕೂಲವಾಗಿದೆ.

ಆ ಸಾಲಿಗೆ ಜೂನ್ ತಿಂಗಳಲ್ಲಿ ಉತ್ತರ ಬಂತು. ರಸ್ತೆಯ ಎರಡೂ ತುದಿಗೆ ಆಳವಾದ ಕಾಲುವೆ ತೋಡಿ ಮುಚ್ಚತಕ್ಕದ್ದು, ಮಳವಳ್ಳಿ ಸಬ್‌ಇನ್ಸ್‌ಪೆಕ್ಟರು ಖುದ್ದು ಹಾಜರಿರತಕ್ಕದ್ದು.

ಅವನು ಹೋದ. ಚೂಡಾಮಣಿ ತಾನೂ ಬರುತ್ತೇನೆಂದಳು. ಹಲಗೂರಿನ ಆಚೆ, ದಾರಿ ಬಲಕ್ಕೆ ತಿರುಗುವಲ್ಲಿ, ಹನ್ನೆರಡು ಆಳು ಗುದ್ದಲಿ ಹಿಡಿದು ನಿಂತಿದ್ದರು. ಮುಂಗಾರಿನ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಆದರೂ ಮೊದಲ ಏಟಿಗೆ ಗುದ್ದಲಿ ಟಣ್ಣೆಂದು ಹಿಂದಕ್ಕೆ ಹಾರಿತು. ಮೇಲುಮಣ್ಣಿನ ಕೆಳಗೆ ಒಂದು ಪದರ ಜಲ್ಲಿ. ಅದರ ಕೆಳಗೆ ಒತ್ತೊತ್ತಾಗಿ ಕೂರಿಸಿದ ದಪ್ಪ ಕಲ್ಲು.

ಮುಂದಾಳು ಮಹದೇವಯ್ಯ ಬಗ್ಗಿ ನೋಡಿದ. "ಯಾವನಯ್ಯ ಇದನ್ನ ಆಕಿರೋನು? ಕಲ್ಲು ಕಲ್ಲಿಗೆ ಕಚ್ಕಂಡದೆ. ಇದು ಒಂದಿನಕ್ಕೆ ಆಗೋ ಕೆಲ್ಸ ಅಲ್ಲ ಸ್ವಾಮಿ."

ನಾಲ್ಕು ದಿನ ಹಿಡಿಯಿತು. ನಾಲ್ಕು ದಿನವೂ ಚಲುವನಾರಾಯಣ ಹೊಂಗೆಮರದ ಕೆಳಗೆ ಕೂತು ನೋಡಿದ. ಕಡೆಯ ದಿನ ಸಂಜೆ ಆಳುಗಳು ಹೋದ ಮೇಲೆ ಸಮವಸ್ತ್ರದ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಕಾಲುವೆಗೆ ಇಳಿದ. ಆಚೆ ದಡ ಹತ್ತಿ, ಚೂಡಾಮಣಿಯ ಕಡೆ ಕೈ ಚಾಚಿದ.

"ಎಲ್ಲಿಗೆ?" ಅಂದಳು ಅವಳು.

"ಕತ್ತಲಾಗುವುದಕ್ಕೆ ಇನ್ನೂ ಒಂದು ಗಂಟೆಯಿದೆ. ಎಷ್ಟು ದೂರ ಆಗುತ್ತೋ ಅಷ್ಟು ದೂರ."

ಅವಳು ಸೀರೆಯ ನೆರಿಗೆ ಎತ್ತಿಕೊಂಡು ಇಳಿದಳು.